ಕಡವೆಗೆ ಯಾವ ಗುಂಡು

ಉಕ್ರಪ್ಪಜ್ಜನ ಗುಡಿಸಲು ಹೊಳೆ ತಿರುಗೋ ಜಾಗದಲ್ಲಿತ್ತು. ಊರಲ್ಲಿ ಒಳ್ಳೆ ಮನೆ ಇದ್ರೂ ಇಪ್ಪತ್ತೆರಡು ವರ್ಷದಿಂದ ಅಲ್ಲೇ, ಒಬ್ಬನೇ. ಬೇಟೆ ಬಿಟ್ಟು ಸನ್ಯಾಸಿ ಆಗಿದ್ದಾನೆ ಅಂತ ಊರೋರು ಅಂತಿದ್ರು. ಆದ್ರೂ ಗುರಿ ಕಲಿಯೋರು, ಹೆಜ್ಜೆ ನೋಡೋದು ಕಲಿಯೋರು, ಎಲ್ರೂ ಹೋಗ್ತಿದ್ದದ್ದು ಅವನ ಹತ್ರಾನೇ. ನಾನೂ ಎರಡು ವರ್ಷದಿಂದ ಹೋಗ್ತಿದ್ದೆ.

ಆವತ್ತು ಬೆಳಿಗ್ಗೆ ಓಡ್ಕೊಂಡೇ ಹೋದೆ. ಹೆಗಲಲ್ಲಿ ಮಾವನ ರೈಫಲ್ಲು, ಜೋಬಲ್ಲಿ ಎರಡು ಥರದ ತೋಟೆ. ಸರ್ಕಾರದೋರು ಬೇಟೆಗೆ ಪರ್ಮಿಟ್ ಕೊಡ್ತಿದ್ದ ಕಾಲ ಅದು. ಮಾರನೇ ದಿನ ಊರಬೇಟೆ, ಮೊದಲ ಸಲ ನನ್ನನ್ನ ಕೋವಿ ಹಿಡಿದೋರ ಸಾಲಲ್ಲಿ ನಿಲ್ಲಿಸ್ತೀವಿ ಅಂದಿದ್ರು. ಅಲ್ಲೀವರೆಗೆ ಪೊದೆ ಬಡಿದು ಪ್ರಾಣಿ ಎಬ್ಬಿಸೋರ ಜೊತೆ ಕೂಗಿ ಕೂಗಿ ಗಂಟಲು ಹರ್ಕೊಂಡಿದ್ದೇ ನನ್ನ ಬೇಟೆ.

ಅಜ್ಜ ಬಂಡೆ ಮೇಲೆ ಕೂತು ಆಚೆ ದಡ ನೋಡ್ತಿದ್ದ. ಯಾವಾಗ ಹೋದ್ರೂ ಹಾಗೇ.

ಕೂರೋದಕ್ಕೂ ಮುಂಚೆ ಶುರು ಹಚ್ಕೊಂಡೆ. ತೋಟೆಗಳನ್ನ ಬಂಡೆ ಮೇಲೆ ಸಾಲಾಗಿ ಇಟ್ಟೆ. ನೋಡಿ ಅಜ್ಜ, ಇದು ಸಣ್ಣ ಗುಂಡಿಂದು, ಏನು ವೇಗ ಅಂತೀರಿ, ಇನ್ನೂರು ಗಜ ನೆಟ್ಟಗೆ ಹೋಗ್ತದೆ, ಭುಜಕ್ಕೆ ಒದೆಯೋದೂ ಇಲ್ಲ. ಇದು ಭಾರದ್ದು, ತುದೀಲಿ ಮೆತ್ತನೆ ಸೀಸ, ಒದ್ರೆ ಹಲ್ಲು ಅಲ್ಲಾಡ್ತದೆ. ಮಾವ ಭಾರದ್ದು ಅಂತಾರೆ, ಅಂಗಡಿಯೋನು ಸಣ್ಣದು ಅಂತಾನೆ.

"ಕಡವೆಗೆ ಯಾವ್ದು ಅಜ್ಜ?"

ಅಜ್ಜ ತೋಟೆ ಮುಟ್ಟಲಿಲ್ಲ. ರೈಫಲ್ ತಗೊಂಡು ನಳಿಗೆ ಬಾಯಿ ಮೂಸಿದ.

"ಯಾವಾಗ ಹೊಡೆದೆ?"

ಗುರಿ ನೋಡೋಕೆ ಒಂದು ಕಲ್ಲಿಗೆ ಹೊಡೆದೆ ಅಂದೆ.

"ಕಲ್ಲು ಎತ್ತ ಓಡಿತು?"

ಆಮೇಲೆ ಮುಚ್ಚಿಡೋಕೆ ಆಗ್ಲಿಲ್ಲ. ಎಲ್ಲ ಹೇಳಿದೆ. ಹಿಂದಿನ ಸಂಜೆ, ಗುಡ್ಡದ ಬುಡದಲ್ಲಿ, ದೊಡ್ಡ ಕೊಂಬಿನ ಗಂಡು ಕಡವೆ. ಸಣ್ಣ ಗುಂಡಲ್ಲಿ ಭುಜಕ್ಕೆ ಹೊಡೆದೆ. ಮಂಡಿ ಊರಿ ಬಿತ್ತು, ಎದ್ದು ಹೋಯ್ತು. ರಕ್ತ ಹಿಡಿದು ಬಿದಿರು ಮೆಳೆವರೆಗೆ ಹೋದೆ. ಕತ್ತಲಾಗ್ತಿತ್ತು, ತಿರುಗಿ ಬಂದೆ. ಯಾರಿಗೂ ಹೇಳಲಿಲ್ಲ.

ಹೇಳೋಕಾಗ್ತಿರಲಿಲ್ಲ. ನಮ್ಮೂರಲ್ಲಿ ಒಂದು ಕಟ್ಟು ಉಂಟು, ಪ್ರಾಣಿಗೆ ಗಾಯ ಮಾಡಿ ಬಿಟ್ಟು ಬಂದವನಿಗೆ ಆ ವರ್ಷ ಕೋವಿ ಇಲ್ಲ. ಮತ್ತೆ ಪೊದೆ ಬಡಿಯೋಕೇ ಹೋಗ್ಬೇಕು. ಗುಂಡು ಸರಿ ಇರಲಿಲ್ಲ, ತಪ್ಪು ನಿಂದಲ್ಲ ಅಂತ ಅಜ್ಜನ ಬಾಯಿಂದ ಒಂದು ಮಾತು ಬೇಕಿತ್ತು ನಂಗೆ. ಅಷ್ಟಕ್ಕೇ ಓಡಿ ಬಂದಿದ್ದು.

ಅಜ್ಜ ರೈಫಲ್ ಗುಡಿಸಲಲ್ಲಿಟ್ಟು, ಬಿದ್ದಿದ್ರೆ ಇದೇ ಸಾಕು ಅಂತ ಕತ್ತಿ ತಗೊಂಡ.

"ಅದು ನಿನ್ನೆಯಿಂದ ಅಲ್ಲಿ ಉಂಟು, ನೀನು ಇಲ್ಲಿ ಬಂದು ಮಾತಾಡ್ತಿದ್ದಿ. ನಡಿ."

ಹೊಡೆದ ಜಾಗದಲ್ಲಿ ಅಜ್ಜ ನೆಲಕ್ಕೆ ಕೂತು ಹುಲ್ಲು ಸರಿಸಿದ. ಒಂದು ಚೂರು ಎಲುಬು ಸಿಕ್ತು. ಅದರ ಪಕ್ಕ ಉಗುರಿನಷ್ಟು ತಾಮ್ರದ ತಗಡು. ಅದನ್ನ ನನ್ನ ಅಂಗೈ ಮೇಲಿಟ್ಟ. ನನ್ನ ಗುಂಡಿನ ಚೂರು ಅದು. ಸಣ್ಣ ಗುಂಡು ವೇಗವಾಗಿ ಹೋಗಿ ಭುಜದ ಎಲುಬಿಗೆ ಬಡಿದು ಮೇಲೇ ಪುಡಿಯಾಗಿದೆ, ಒಳಗೆ ಇಳಿದೇ ಇಲ್ಲ ಅಂದ. ಇಂಥ ಮೈಯ ಪ್ರಾಣಿಗೆ ಭಾರದ್ದೇ ಬೇಕು ಅಂದ.

ನಂಗೆ ಎಷ್ಟು ಹಗುರಾಯ್ತು ಅಂದ್ರೆ, ಅಲ್ಲೇ ನಕ್ಕುಬಿಟ್ಟೆ.

"ಹಾಗಾದ್ರೆ ತಪ್ಪು ಗುಂಡಿಂದು."

ಅಜ್ಜ ರಕ್ತದ ಮೊದಲ ಹನಿ ಇದ್ದಲ್ಲಿ ಒಂದು ಗಿಡದ ರೆಂಬೆ ಮುರಿದ. ಹನಿ ಕಂಡಲ್ಲೆಲ್ಲ ಒಂದು ರೆಂಬೆ ಮುರಿಬೇಕು, ದಾರಿ ತಪ್ಪಿದ್ರೆ ಕೊನೇ ರೆಂಬೆಗೆ ವಾಪಸ್ ಬರಬಹುದು.

ಅಜ್ಜ ಮುರೀತಾ ಹೋದ, ನಾನು ಮಾತಾಡ್ತಾ ಹೋದೆ. ನಾಳೆ ಭಾರದ್ದೇ ಹಾಕ್ತೀನಿ, ಅಂಗಡಿಯೋನಿಗೆ ಸರಿಯಾಗಿ ಹೇಳ್ತೀನಿ, ಒದ್ರೆ ಒದೀಲಿ, ಭುಜಕ್ಕೆ ಬಟ್ಟೆ ಮಡಚಿ ಇಟ್ಕೊಳ್ತೀನಿ.

"ಮೆಲ್ಲಗೆ ಮಾತಾಡು" ಅಂದ ಅಜ್ಜ. "ಅದರ ಕಿವಿಗೆ ಪೆಟ್ಟು ಬಿದ್ದಿಲ್ಲ."

ಬಿದಿರು ಮೆಳೆ ಒಳಗೆ ಹುಲ್ಲು ಒಂದು ಕಡೆ ಚಪ್ಪಟೆಯಾಗಿತ್ತು, ರಕ್ತ ಒಣಗಿ ಕಪ್ಪಾಗಿತ್ತು. ನಾಲ್ಕು ಹೆಜ್ಜೆ ಆಚೆ ಅಂಥದ್ದೇ ಇನ್ನೊಂದು. ಅದರಾಚೆ ಮತ್ತೊಂದು. ರಾತ್ರಿಯಿಡೀ ಆ ಕಡವೆ ಮಲಗೋಕೆ ನೋಡಿದೆ, ಎದ್ದಿದೆ, ಮತ್ತೆ ಮಲಗೋಕೆ ನೋಡಿದೆ. ಅಜ್ಜ ಒಂದೊಂದರ ಮುಂದೂ ನಿಂತ. ನಾನು ಹಿಂದಿನ ಸಂಜೆ ತಿರುಗಿದ ಜಾಗದಿಂದ ಅದು ಕೂಗಿದ್ರೆ ಕೇಳಿಸೋ ಅಷ್ಟೇ ದೂರ.

ರೆಂಬೆ ಮುರಿಯೋ ಕೆಲಸ ನಾನು ತಗೊಂಡೆ. ದಾರಿ ಹೊಳೆಗೆ ಇಳೀತು. ದಡದ ಕೆಸರಲ್ಲಿ ಮೂರು ಕಾಲಿನ ಗುರುತು, ನಾಲ್ಕನೇ ಕಾಲಿನ ಜಾಗದಲ್ಲಿ ಎಳೆದ ಗೆರೆ. ಗೆರೆ ನೀರಿಗೆ ಹೋಗಿ ನಿಂತಿತ್ತು.

ಹೊಳೆ ದಾಟಿದ್ವಿ. ಆಚೆ ದಡದಲ್ಲಿ ಮೇಲೂ ಹೋದ್ವಿ, ಕೆಳಗೂ ಹೋದ್ವಿ. ವಾಪಸ್ ದಾಟಿ ಈಚೆ ದಡಾನೂ ನೋಡಿದ್ವಿ. ಮಧ್ಯಾಹ್ನ ಆಯ್ತು, ಬಿಸಿಲು ಇಳೀತು. ಒಂದು ಹನಿ ಇಲ್ಲ, ಒಂದು ಗೊರಸಿನ ಗುರುತಿಲ್ಲ. ಇನ್ನೂ ನೋಡೋಣ ಅಂದೆ. ಗಾಯ ಆದ ಪ್ರಾಣಿಗೆ ಬಾಯಾರಿಕೆ ಜಾಸ್ತಿ, ಇವತ್ತಲ್ಲದಿದ್ರೆ ನಾಳೆ ಮತ್ತೆ ನೀರಿಗೇ ಬರ್ತದೆ ಅಂದ ಅಜ್ಜ. ಹೊಳೆ ಹಿಡಿದೇ ನಡೆದು ಗುಡಿಸಲಿಗೆ ಬಂದ್ವಿ.

ತೋಟೆಗಳು ಬಂಡೆ ಮೇಲೆ ಇಟ್ಟಲ್ಲೇ ಇದ್ವು. ಅಜ್ಜ ಅದರ ಪಕ್ಕ ಕೂತ. ನಾನು ಜೋಬಿಂದ ಆ ತಾಮ್ರದ ತಗಡು ತೆಗೆದು ಅಂಗೈಲಿ ಹಿಡ್ಕೊಂಡು ನಿಂತೇ ಇದ್ದೆ. ಇಡೀ ದಿನ ತಲೇಲಿ ಕೊರೀತಿದ್ದದ್ದು ಕೊನೆಗೆ ಬಾಯಿಗೆ ಬಂತು.

"ಭಾರದ್ದು ಹಾಕಿದ್ರೆ ಅಲ್ಲೇ ಬೀಳ್ತಿತ್ತು ಅಲ್ವಾ ಅಜ್ಜ?"

"ನಾನು ಹಾಕಿದ್ದು ಭಾರದ್ದೇ."

ನಂಗೆ ಅರ್ಥ ಆಗ್ಲಿಲ್ಲ. ಅಜ್ಜ ಆಚೆ ದಡ ನೋಡ್ಕೊಂಡೇ ಹೇಳಿದ. ಅವನ ಕೊನೇ ಬೇಟೆ. ಅದೂ ಕಡವೆ. ಕೋವಿ ಸರಿ ಇತ್ತು, ಗುಂಡೂ ಸರಿ ಇತ್ತು. ಬೆಳಕು ಕಮ್ಮಿ ಇತ್ತು, ಅಡ್ಡ ಎಲೆ ಇತ್ತು. ಬಿಡಬಹುದಿತ್ತು. ಹಿಂದೆ ಹತ್ತು ಜನ ನೋಡ್ತಾ ನಿಂತಿದ್ರು, ಹೊಡೆದ. ರಕ್ತ ಈ ಹೊಳೆವರೆಗೆ ಬಂತು.

"ಸಿಕ್ತಾ?"

ಅಜ್ಜ ಕೂತ ಬಂಡೆ ಮೇಲೆ ಕೈ ಸವರಿದ.

"ಎಷ್ಟು ವರ್ಷ ಆಯ್ತು ಅಜ್ಜ?"

"ಇಪ್ಪತ್ತೆರಡು."

ನೀರು ಕಪ್ಪಾಗ್ತಾ ಇತ್ತು. ನಾನು ಗುಡಿಸಲು ನೋಡಿದೆ, ಬಂಡೆ ನೋಡಿದೆ. ಅವನು ಕೂತು ಕೂತು ಬಂಡೆ ಅಲ್ಲಿ ನುಣುಪಾಗಿತ್ತು. ಎರಡು ವರ್ಷದಿಂದ ನೋಡಿದ್ದೆ, ಯಾಕೆ ಅಂತ ಒಂದು ದಿನಾನೂ ಕೇಳಿರಲಿಲ್ಲ.

ಬೇಟೆಯೋರು ನಾಳೆ ಬೆಳಿಗ್ಗೆ ಈ ದಾರೀಲೇ ಬರ್ತಾರೆ, ಬಂದಾಗ ನಾನೇ ಎಲ್ಲ ಹೇಳ್ತೀನಿ, ಸಾಲಲ್ಲಿ ನಿಲ್ಲಲ್ಲ ಅಂದೆ. ಅಜ್ಜ ಹೂಂ ಅಂತ ತಲೆ ಆಡಿಸಿದ. ಭಾರದ ತೋಟೆ ಒಂದನ್ನ ತೆಗೆದು ನನ್ನ ಅಂಗೈ ಮೇಲೆ, ಆ ತಾಮ್ರದ ತಗಡಿನ ಪಕ್ಕ ಇಟ್ಟ. ಅದು ನೀರಿಗೆ ಬಂದಾಗ ಇದೊಂದು ಸಾಕು ಅಂದ. ಉಳಿದದ್ದನ್ನೆಲ್ಲ ತನ್ನ ಪಂಚೆ ಅಂಚಲ್ಲಿ ಗಂಟು ಹಾಕ್ಕೊಂಡ.

ಆಮೇಲೆ ಬಂಡೆ ಮೇಲೆ ಸ್ವಲ್ಪ ಸರಿದು ಕೂತು ಅಂದ:

"ಇಲ್ಲಿ ಕೂತ್ಕೊ ಮಗ. ಇಲ್ಲಿಂದ ಎರಡೂ ದಡ ಕಾಣ್ತದೆ."