ಉತ್ತಯ್ಯನವರ ರುಚಿ ಪರೀಕ್ಷೆ

ಮಡಿಕೇರಿಯ ಚಹಾಪುಡಿ ಅಂಗಡಿಯೊಂದರಲ್ಲಿ ವಾರಿಜ ಕೆಲಸಕ್ಕಿದ್ದಳು. ಗಿರಾಕಿಗಳು ರುಚಿ ನೋಡಲೆಂದು ಏಲಕ್ಕಿ ಚಹಾ, ಮಜ್ಜಿಗೆಹುಲ್ಲಿನ ಚಹಾ, ಚಹಾ ಬೆರೆಸಿದ ಚಾಕೊಲೇಟು, ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಡುವುದು ಅವಳ ಕೆಲಸ. ದಿನವೂ ಗಿರಾಕಿಗಳ ಕೈ ತಟ್ಟೆಗೆ ಹೋಗುವ ಮೊದಲೇ ಉತ್ತಯ್ಯನವರು ಬರುತ್ತಿದ್ದರು.

"ನನ್ನಂಥ ಚಹಾ ಪರೀಕ್ಷಕ ಈ ಜಿಲ್ಲೆಯಲ್ಲೇ ಇಲ್ಲ. ಇದಕ್ಕಿನ್ನೂ ಹದ ಬಂದಿಲ್ಲ" ಎನ್ನುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದರು. ಒಂದು ದಿನವೂ ಏನನ್ನೂ ಕೊಂಡವರಲ್ಲ. ಅಂಗಡಿ ಯಜಮಾನರ ಹೆಂಡತಿಗೆ ಅವರು ಸೋದರಮಾವ.

ಯಜಮಾನರು ವಾರಿಜಳನ್ನು ಕರೆದರು. "ನಾಳೆಯೂ ತಟ್ಟೆ ಖಾಲಿಯಾದರೆ ನಿನಗೆ ಕೆಲಸವಿಲ್ಲ. ಅವರಿಗೆ ಬೇಜಾರಾದರೂ ಕೆಲಸವಿಲ್ಲ."

ಮರುದಿನ ವಾರಿಜ ಉತ್ತಯ್ಯನವರಿಗೆ ಕುರ್ಚಿ ಹಾಕಿದಳು. ಪಕ್ಕದಲ್ಲಿ ಫಳಫಳ ಹೊಳೆಯುವ ಹಿತ್ತಾಳೆಯ ಪೀಕದಾನಿ ಇಟ್ಟಳು. ಅಂಗಡಿಯಲ್ಲಿದ್ದ ಪ್ರವಾಸಿಗರನ್ನೆಲ್ಲ ಹತ್ತಿರ ಕರೆದಳು.

"ಇವರು ದೊಡ್ಡ ಪರೀಕ್ಷಕರು. ದೊಡ್ಡ ಪರೀಕ್ಷಕರು ಬಾಯಲ್ಲಿ ಆಡಿಸಿ ಉಗುಳುತ್ತಾರೆ, ನುಂಗುವುದಿಲ್ಲ. ನೋಡಿ ಬೇಕಾದರೆ."

ಉತ್ತಯ್ಯನವರು ಮೀಸೆ ತಿರುವಿದರು. ಚಹಾವನ್ನು ಸೊರ್ರೆಂದು ಎಳೆದು ಉಗುಳಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಚಾಕೊಲೇಟು ಬಂತು. ಅದು ನಾಲಿಗೆ ಮೇಲೆ ಮೆಲ್ಲಗೆ ಕರಗತೊಡಗಿತು. ಅವರು ಪೀಕದಾನಿ ನೋಡಿದರು, ಜನರನ್ನು ನೋಡಿದರು, ಕಣ್ಣು ಮುಚ್ಚಿದರು. ಗಂಟಲು ಗುಳಕ್ ಎಂದಿತು.

"ನುಂಗಿಬಿಟ್ರಾ ಸಾರ್?" ಎಂದು ವಾರಿಜ ಕೇಳಿದಳು.

ಉತ್ತಯ್ಯನವರು ನಿಧಾನವಾಗಿ ಮೀಸೆ ಒರೆಸಿಕೊಂಡರು. "ಪರೀಕ್ಷೆ ಚಹಾದ ಜೊತೆಗೇ ಮುಗೀತಮ್ಮ. ಈ ಚಾಕೊಲೇಟು ನಾನು ಕೊಂಡದ್ದು. ಒಂದು ಪೊಟ್ಟಣ ಕಟ್ಟು."

ಜನ ಇನ್ನೂ ಅವರನ್ನೇ ನೋಡುತ್ತಿದ್ದರು. ವಾರಿಜ ಎರಡು ಕಟ್ಟಿದಳು.