ಕತ್ತೆಕಿರುಬದ ಉಪ್ಪು

ಗುಡ್ಡಗಳ ನಡುವಿನ ಒಂದು ಕಾಡಿನಲ್ಲಿ ಜಿಂಕೆಗಳ ದೊಡ್ಡ ಹಿಂಡಿತ್ತು. ಅವು ಮೇಯುವ ಬಯಲಿನ ಅಂಚಿನ ಮರಗಳಲ್ಲಿ ಕರಿಮೂತಿಯ ಕೋತಿಗಳಾದ ಮುಸುವಗಳಿದ್ದವು. ಅಪಾಯ ಕಂಡರೆ ಮುಸುವಗಳು ಮೇಲಿನಿಂದ ಕೂಗುತ್ತಿದ್ದವು, ಜಿಂಕೆಗಳು ಓಡಿ ಪಾರಾಗುತ್ತಿದ್ದವು.

ಬಯಲಿನಲ್ಲಿ ಹುಲ್ಲಿತ್ತು, ಉಪ್ಪಿರಲಿಲ್ಲ. ಕತ್ತೆಕಿರುಬಗಳು ದೂರದ ಗುಡ್ಡದಿಂದ ಉಪ್ಪಿನ ಹೆಂಟೆ ತಂದು ಕೊಡುತ್ತಿದ್ದವು. ಬದಲಿಗೆ ಜಿಂಕೆಗಳ ಉದುರಿದ ಕೊಂಬುಗಳನ್ನು ಕಡಿಯಲು ಒಯ್ಯುತ್ತಿದ್ದವು. ಒಂದು ದಿನ ಅವುಗಳ ಒಡೆಯ ಗೊರಕ ಬರಿಬಾಯಲ್ಲಿ ಬಂದ.

"ಉಪ್ಪೆಲ್ಲಿ?" ಎಂದು ಹಿಂಡಿನ ಹಿರಿಯ ಕವಲ ಕೇಳಿದ.

"ಮುಸುವಗಳಿಗೂ ನನಗೂ ಆಗುವುದಿಲ್ಲ. ಅವರನ್ನು ಇಲ್ಲಿಂದ ಕಳಿಸಿಬಿಡಿ. ಆಮೇಲೆ ಉಪ್ಪಿನ ಮಾತು."

"ಕಳಿಸದಿದ್ದರೆ?"

ಗೊರಕ ಹಲ್ಲು ತೋರಿಸಿದ. "ನಾನೇನೂ ಮಾಡುವುದಿಲ್ಲಪ್ಪ. ಉಪ್ಪು ತರುವುದಿಲ್ಲ, ಅಷ್ಟೇ."

ಜಿಂಕೆಗಳು ತಡೆದುಕೊಂಡವು. ಮರಿಗಳು ಕಲ್ಲು, ತೊಗಟೆ ನೆಕ್ಕತೊಡಗಿದವು. ತಾಯಂದಿರ ಹಾಲು ಬತ್ತಿತು. ಕೊನೆಗೆ ಕವಲ ತಲೆ ತಗ್ಗಿಸಿ ಮರದ ಬುಡಕ್ಕೆ ಹೋದ.

"ಗಂಗವ್ವ, ನೀವು ಬೇರೆ ಕಡೆ ಹೋಗಬೇಕು."

ಮುಸುವಗಳ ಹಿರಿಯಳು ಅವನನ್ನೇ ನೋಡಿದಳು. "ನಾವು ಹೋದ ಮೇಲೆ ನಿಮ್ಮನ್ನು ಯಾರು ಕಾಯುತ್ತಾರೆ?"

ಕವಲ ಹಿಂಡಿನ ಕಡೆ ತಿರುಗಿ ನಡೆದ. ಮುಸುವಗಳು ಹೊರಟುಹೋದವು.

ಉಪ್ಪು ಬಂತು. ಆದರೆ ಬಯಲಿಗೆ ಮೌನವೂ ಬಂತು. ಎಲೆ ಅಲುಗಿದರೂ ಜಿಂಕೆಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ಗಾಳಿಯೋ, ಬೇರೇನೋ? ಹೇಳುವವರಿರಲಿಲ್ಲ. ಮಂಜು ಕವಿದ ಒಂದು ಬೆಳಗ್ಗೆ ಹುಲ್ಲು ಸರಸರ ಎಂದಿತು. ಸಣ್ಣದೊಂದು ಕೂಗು ಎದ್ದು ಅರ್ಧಕ್ಕೇ ನಿಂತಿತು. ಮಂಜು ಹರಿದಾಗ ಚೆನ್ನಿ ಎಂಬ ಜಿಂಕೆ ತನ್ನ ಮರಿಯನ್ನು ಹುಡುಕುತ್ತಿದ್ದಳು. ಒದ್ದೆ ಮಣ್ಣಿನಲ್ಲಿ ಗೊರಕನ ಹೆಜ್ಜೆಗಳಿದ್ದವು.

ಅದೇ ಮಧ್ಯಾಹ್ನ ಗೊರಕ ಏನೂ ಆಗದವನಂತೆ ಉಪ್ಪು ತಂದ. "ಉಪ್ಪು ಬೇಕಾದರೆ ಇನ್ನು ಮೇಲೆ ನೀವು ನೀರು ಕುಡಿಯುವ ಹೊಳೆದಂಡೆಯನ್ನೂ ನಮಗೆ ಬಿಡಬೇಕು," ಎಂದ.

ಚೆನ್ನಿ ಮುಂದೆ ಬಂದಳು. "ನಿನ್ನ ಉಪ್ಪು ನೀನೇ ನೆಕ್ಕು!" ಎಂದು ಹೆಂಟೆಯನ್ನು ಒದ್ದಳು. ಕವಲ ಕೊಂಬು ಬಗ್ಗಿಸಿ ಅವಳ ಪಕ್ಕ ನಿಂತ. ಒಂಟಿಯಾಗಿ ಬಂದಿದ್ದ ಗೊರಕ ಗುರುಗುಟ್ಟುತ್ತ ಹಿಂದೆ ಸರಿದ.

ಇಬ್ಬರೂ ಗಂಗವ್ವನನ್ನು ಹುಡುಕಿಕೊಂಡು ಹೋದರು. "ಹೆದರಿ ನಿಮ್ಮನ್ನು ಕಳಿಸಿದೆವು," ಎಂದ ಕವಲ.

"ಚೆನ್ನಿ, ನಿನ್ನ ಮರಿ ಎಲ್ಲಿ?" ಎಂದಳು ಗಂಗವ್ವ. ಚೆನ್ನಿ ಬಯಲಿನ ಕಡೆ ಮುಖ ತಿರುಗಿಸಿದಳು.

ಗಂಗವ್ವ ಮರದಿಂದ ಇಳಿದಳು. "ಇತ್ತ ಬಂದ ಮೇಲೆ ಕಂಡೆವು, ಪಕ್ಕದ ಕಣಿವೆಯಲ್ಲಿ ಉಪ್ಪು ಮಣ್ಣಿದೆ. ದಾರಿ ಇಕ್ಕಟ್ಟು, ಹೊಂಚು ಹಾಕುವವರಿಗೆ ಹೇಳಿ ಮಾಡಿಸಿದ್ದು. ನಾವು ಮೇಲಿಂದ ನೋಡುತ್ತೇವೆ. ನೀವು ನಡೆಯಿರಿ."

ಮುಸುವಗಳು ಬಯಲಂಚಿನ ಮರಗಳಿಗೆ ಮರಳಿದವು. ಅಂದಿನಿಂದ ಗೊರಕ ಹೊಂಚು ಹಾಕಿದಾಗಲೆಲ್ಲ ಮರದಿಂದ ಕೂಗು ಬರುತ್ತಿತ್ತು. ಅವನ ಉಪ್ಪು ಕೇಳುವವರಿಲ್ಲದೆ ಮಳೆಗೆ ಕರಗಿತು. ಕೊಂಬೂ ಇಲ್ಲ, ಬೇಟೆಯೂ ಇಲ್ಲ. ಹಸಿದ ಕತ್ತೆಕಿರುಬಗಳ ಗುಂಪು ಅವನ ಮೇಲೆಯೇ ತಿರುಗಿಬಿತ್ತು. ಗೊರಕ ಕುಂಟುತ್ತ ಕಾಡು ಬಿಟ್ಟು ಹೋದ. ಆದರೂ ಮಂಜು ಬಿದ್ದ ದಿನ ಚೆನ್ನಿ ಮೇಯುತ್ತಿರಲಿಲ್ಲ. ಹಿಂಡಿನ ಮರಿಗಳನ್ನೆಲ್ಲ ಮೈಗೆ ಒತ್ತಿಕೊಂಡು, ಮರದ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ನೀತಿ: ವ್ಯಾಪಾರದ ಬೆದರಿಕೆ ಹಾಕಿ ನಮ್ಮನ್ನು ಗೆಳೆಯರಿಂದ ದೂರ ಮಾಡುವ ಬಲಶಾಲಿಗೆ ಬೇಕಾದದ್ದು ನಮ್ಮ ಸ್ನೇಹವಲ್ಲ, ನಮ್ಮ ಒಂಟಿತನ.