ಇನ್ನಾಸಪ್ಪನ ಎರಡು ಗೋದಲಿಗಳು

ಪೂಜ್ಯ ಯಾಗಪ್ಪ ಸ್ವಾಮಿಗಳು ಚಿಕ್ಕಮರಳಿಯ ಚರ್ಚಿಗೆ ಗುರುಗಳಾಗಿ ಬಂದಾಗ ಅವರಿಗೆಂದು ಅಲ್ಲಿ ಒಂದು ಮನೆಯೂ ಇರಲಿಲ್ಲ. ದೇವಾಲಯದ ಹಿಂದೆ ಹಬ್ಬದ ಪಾತ್ರೆ ಪಡಗಗಳನ್ನು ಒಟ್ಟುತ್ತಿದ್ದ ಕೋಣೆಯೊಂದಿತ್ತು. ಅದನ್ನೇ ಗುಡಿಸಿ, ಸುಣ್ಣ ಬಳಿದು, ಒಂದು ಮೇಜು ಒಂದು ಚಾಪೆ ಹಾಕಿಕೊಟ್ಟರು. ಪಕ್ಕದ ಮನೆಯ ಕೋಳಿಯೊಂದು ಆ ಕೋಣೆ ತನ್ನದೆಂದೇ ತಿಳಿದಿತ್ತು. ಯಾರು ಬಂದರೇನು, ಹೋದರೇನು ಎಂಬಂತೆ ಮೇಜಿನ ಕೆಳಗೆ ಬಂದು ಮೊಟ್ಟೆಯಿಡುತ್ತಿತ್ತು. ಪೂಜ್ಯರು ಬೆಳಗಿನ ಬಲಿಪೂಜೆ ಮುಗಿಸಿ, ಆ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಕೋಳಿಯ ಒಡತಿಗೆ ಒಪ್ಪಿಸಿ ಬರುತ್ತಿದ್ದರು. ಕೋಳಿಯನ್ನು ಓಡಿಸಿದ್ದನ್ನಂತೂ ಯಾರೂ ಕಂಡಿಲ್ಲ.

ಮಾತಿನಲ್ಲಿ ಅವರು ಬಹಳ ಕಡಿಮೆ. ಭಾನುವಾರ ತಡವಾಗಿ ಬಂದ ಹೆಂಗಸರು ಚಾಪೆಯ ಮೇಲೆ ಕುಳಿತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಪ್ರಬೋಧನೆ ಮುಗಿದೇ ಹೋಗಿರುತ್ತಿತ್ತು. ಹಿಂದಿದ್ದ ಗುರುಗಳು ಗುಡುಗಿದರೆ ಕಿಟಕಿ ಬಾಗಿಲು ನಡುಗುತ್ತಿತ್ತಂತೆ. ಅದಕ್ಕೆ ಒಗ್ಗಿಹೋಗಿದ್ದ ಊರಿಗೆ ಇವರು ಸಪ್ಪೆ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಬಾಯಿಬಿಟ್ಟು ಅಂದವರಲ್ಲಿ ಮೊದಲಿಗ ಇನ್ನಾಸಪ್ಪ. "ಸ್ವಾಮಿ ಒಳ್ಳೇವ್ರೇ ಸರಿ. ಆದ್ರೆ ಅವರ ತಾವ ಕಲಿಯೋದು ಏನೈತೆ?" ಎಂದು ಅರಳಿಕಟ್ಟೆಯ ಮೇಲೆ ಕುಳಿತು ಕೇಳಿದ್ದ.

ಇನ್ನಾಸಪ್ಪ ಕೆಟ್ಟವನಲ್ಲ. ದುಡಿಮೆಗಾರ, ನೇಮಸ್ಥ, ಜಪಸರ ತಪ್ಪಿಸಿದವನಲ್ಲ. ಅವನ ದೊಡ್ಡ ಹೆಮ್ಮೆಯೆಂದರೆ ಕ್ರಿಸ್‌ಮಸ್ ಹಬ್ಬಕ್ಕೆ ಅವನ ಮನೆಯಲ್ಲಿ ಕಟ್ಟುತ್ತಿದ್ದ ಗೋದಲಿ. ಯೇಸುಸ್ವಾಮಿ ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ಕಟ್ಟುವುದಕ್ಕೆ ನಮ್ಮಲ್ಲಿ ಗೋದಲಿ ಎಂದೇ ಹೆಸರು. ಹಬ್ಬಕ್ಕೆ ಮುಂಚಿನ ನಾಲ್ಕು ವಾರದ ಆಗಮನ ಕಾಲ ಹುಟ್ಟಿತೆಂದರೆ ಇನ್ನಾಸಪ್ಪನ ನಡುಮನೆಗೆ ಯಾರೂ ಕಾಲಿಡುವಂತಿರಲಿಲ್ಲ. ಗೋಣಿತಾಟಿನ ಬೆಟ್ಟ, ಒಡೆದ ಕನ್ನಡಿಯ ಕೆರೆ, ತಟ್ಟೆಗಳಲ್ಲಿ ಚೆಲ್ಲಿ ಮೊಳೆಸಿದ ರಾಗಿಪೈರಿನ ಹಸಿರು ಬಯಲು. ಬೆಟ್ಟದ ತುದಿಗೆ ಹಿಮವೆಂದು ಹತ್ತಿ ಬೇರೆ. ನಮ್ಮ ಸೀಮೆಯಲ್ಲಿ ಹಿಮ ಕಂಡವರು ಯಾರಪ್ಪಾ ಎಂದರೆ, "ದ್ಯಾವ್ರು ಹುಟ್ಟಿದಾಗ ಚಳಿ ಇತ್ತಲ್ಲ" ಎನ್ನುತ್ತಿದ್ದ. ಊರಿಗೆ ಕರೆಂಟು ಬಂದ ಹೊಸತು. ಬಣ್ಣದ ಬಲ್ಬುಗಳ ಸರವೂ ಆ ವರ್ಷ ಬಂದಿತ್ತು. ಸುತ್ತಲ ಹಳ್ಳಿಯವರು ನೋಡಲೆಂದೇ ಬರುತ್ತಿದ್ದರು.

ಅದೇ ಮನೆಯ ಹಿತ್ತಲಲ್ಲಿ, ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ, ಇನ್ನಾಸಪ್ಪನ ಒಡಹುಟ್ಟಿದ ತಮ್ಮ ಚೌರಪ್ಪ ಮಲಗಿದ್ದ.

ಚೌರಪ್ಪ ಹುಡುಗುತನದಿಂದಲೂ ಕಾಲು ನಿಲ್ಲದವನು. ಒಂದು ದಿನ ಮರದ ಲಾರಿ ಹತ್ತಿ ಘಟ್ಟದ ಕಡೆ ಹೋದವನು ವರ್ಷಗಟ್ಟಲೆ ಊರ ಕಡೆ ತಲೆ ಹಾಕಲಿಲ್ಲ. ತಾಯಿ ಜ್ಞಾನಮ್ಮ ಹಾಸಿಗೆ ಹಿಡಿದಾಗ ಲಾರಿಯವರ ಮೂಲಕ ಹೇಳಿಕಳಿಸಿದರು. ಬರಲಿಲ್ಲ. ಮಣ್ಣಿಗೂ ಬರಲಿಲ್ಲ. ಆಮೇಲೆ ಬಹಳ ಕಾಲದ ಮೇಲೆ, ಬಣ್ಣದ ಬಲ್ಬು ಬಂದ ವರ್ಷದ ಮಳೆಗಾಲ ಮುಗಿಯುವಾಗ, ಜ್ವರ ಹೊತ್ತು, ಕಾಲು ಬಾತು, ಕೆಮ್ಮುತ್ತ ಬಾಗಿಲಲ್ಲಿ ನಿಂತ. ಇನ್ನಾಸಪ್ಪ ಹೊರಗೆ ಬಂದು ನೋಡಿ, "ಹೊಸಲು ತುಳೀಬ್ಯಾಡ. ಕೊಟ್ಟಿಗೇಲಿ ಬಿದ್ಕೊ" ಎಂದಷ್ಟೇ ಹೇಳಿ ಒಳಗೆ ಹೋದ. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಇನ್ನಾಸಪ್ಪನ ಹೆಂಡತಿ ಸಗಾಯಮ್ಮನವರು ಹೊತ್ತುಹೊತ್ತಿಗೆ ಊಟ ಕೊಂಡೊಯ್ದು ಕೊಡುತ್ತಿದ್ದರು. ಡಿಸೆಂಬರಿನ ಚಳಿಗೆ ಕೆಮ್ಮು ಹೆಚ್ಚಾಯಿತು. ಹೀಗೇ ಬಿಟ್ಟರೆ ಮೈದುನ ಉಳಿಯುವುದಿಲ್ಲವೆಂದು ಆ ತಾಯಿಗೆ ಗೊತ್ತಿತ್ತು. ಗಂಡನ ಮುಂದೆ ಆಡಿದರೆ, "ಅವ್ವ ಸಾಯೋವಾಗ ಎಲ್ಲಿದ್ದ ಅಂತ ಕೇಳಿ ಬಾ" ಎನ್ನುತ್ತಿದ್ದ. ಈ ಪ್ರಸಂಗವನ್ನು ನನಗೆ ಹೇಳಿದವರು ಸಗಾಯಮ್ಮನವರೇ. ಹೇಳುವಾಗಲೂ ಗಂಡನನ್ನು ಬಿಟ್ಟುಕೊಡಲಿಲ್ಲ. "ಅವರಿಗೂ ನೋವಿತ್ತು ಕಣಪ್ಪ" ಎನ್ನುತ್ತಲೇ ಹೇಳಿದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಸ್ವಾಮಿಗಳು ಮನೆಮನೆಗೂ ಹೋಗಿ ಗೋದಲಿಗಳನ್ನು ಆಶೀರ್ವದಿಸುವುದು ಊರಿನ ಪದ್ಧತಿ. ಇನ್ನಾಸಪ್ಪನ ಮನೆಯ ಮುಂದೆ ಜನ ಆಗಲೇ ನೆರೆದಿದ್ದರು. ಪೂಜೆಗೆ ಸಹಾಯ ಮಾಡುವ ಉಪದೇಶಿ ತೀರ್ಥದ ಪಾತ್ರೆ ಹಿಡಿದು ಬಂದ. ಹಿಂದೆ ಪೂಜ್ಯರು ಬಂದರು. ಇನ್ನಾಸಪ್ಪ ಹೊಸ ಪಂಚೆಯುಟ್ಟು ಕೈಮುಗಿದು, "ಸ್ತೋತ್ರ ಸ್ವಾಮಿ. ಮೊದಲು ಗೋದ್ಲಿಗೆ ಆಶೀರ್ವಾದ ಆಗ್ಲಿ, ಆಮೇಲೆ ಕಾಫಿ" ಎಂದ.

"ಆಗಲಿ" ಎಂದರು ಸ್ವಾಮಿಗಳು. ಎಂದವರೇ ಬಾಗಿಲ ಕಡೆ ತಿರುಗದೆ, ಮನೆಯ ಮಗ್ಗುಲ ಓಣಿಯಲ್ಲಿ ಹಿತ್ತಲಿಗೆ ನಡೆದುಬಿಟ್ಟರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪೂಜ್ಯರ ಹುಟ್ಟೂರಿನ ಕಡೆ ಹಬ್ಬಕ್ಕೆ ಕಟ್ಟುವುದನ್ನು ಗುಡಿಸಲು ಎನ್ನುತ್ತಾರೆ. ಗೋದಲಿ ಎಂದರೆ ಅಲ್ಲಿ ದನಗಳಿಗೆ ಹುಲ್ಲು ಹಾಕುವ ಜಾಗ, ಬೇರೆ ಅರ್ಥವಿಲ್ಲ. ಹಾಗಾಗಿ ಅವರು ಮಾತನ್ನು ತಪ್ಪು ತಿಳಿದು ಹೋದರು ಎನ್ನುವವರಿದ್ದಾರೆ. ಅದಕ್ಕೆ ಮುಂಚೆ ಹೊಕ್ಕ ಮನೆಗಳಲ್ಲೆಲ್ಲ ಸರಿಯಾಗಿ ನಡುಮನೆಗೇ ಹೋದವರು ಇಲ್ಲಿ ಮಾತ್ರ ಹೇಗೆ ತಪ್ಪಿದರು ಎಂದು ಕೇಳುವವರೂ ಇದ್ದಾರೆ. ಇದರ ಮೇಲೆ ಚಿಕ್ಕಮರಳಿಯಲ್ಲಿ ಇಂದಿಗೂ ವಾದ ನಡೆಯುತ್ತದೆ. ನಾನು ಆ ಗೋಜಿಗೆ ಹೋಗುವುದಿಲ್ಲ. ಮಹಾತ್ಮರ ತಪ್ಪಿನಲ್ಲೂ ದೇವರ ಕೈ ಇರುತ್ತದೆ ಎಂದು ನಂಬಿದವನು ನಾನು.

"ಸ್ವಾಮಿ, ಆ ಕಡೆ ಅಲ್ಲ, ಗೋದ್ಲಿ ಒಳಗೈತೆ" ಎಂದು ಉಪದೇಶಿ ಹಿಂದೆಯೇ ಓಡಿದ. ಜನರಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಪೂಜ್ಯರು ತಲೆ ಬಗ್ಗಿಸಿ ಕೊಟ್ಟಿಗೆಯೊಳಗೆ ಹೋಗಿ ಆಗಿತ್ತು.

ಹುಲ್ಲು ಹಾಕುವ ಕಲ್ಲಿನ ಗೋದಲಿಗೆ ಒರಗಿಕೊಂಡು ಚೌರಪ್ಪ ಗೋಣಿಚೀಲ ಹೊದ್ದು ಮುದುಡಿದ್ದ. ನಿಲುವಂಗಿ ಕಂಡವನೇ ಏಳಲು ಹೋದ, ಆಗಲಿಲ್ಲ. ಸ್ವಾಮಿಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ತಾವೂ ಹುಲ್ಲಿನ ಮೇಲೆ ಕುಳಿತರು. ಪುಸ್ತಕ ತೆರೆದು, ಯೇಸುಸ್ವಾಮಿಯ ಜನನದ ಶುಭಸಂದೇಶವನ್ನು ಒಂದು ಅಕ್ಷರ ಬಿಡದೆ ಓದಿದರು. ಓದಿ ಎದ್ದು, ಗೋದಲಿಗೆ ತೀರ್ಥ ಚಿಮುಕಿಸಿದರು, ಚೌರಪ್ಪನಿಗೆ ಚಿಮುಕಿಸಿದರು, ಎಮ್ಮೆಗೂ ಚಿಮುಕಿಸಿದರು. ಎಮ್ಮೆ ಕಿವಿ ಕೊಡವಿತು. ಈ ಸಲ ಯಾರೂ ನಗಲಿಲ್ಲ.

ಹೊರಗೆ ಬಂದಾಗ ಇನ್ನಾಸಪ್ಪನ ಮುಖ ಕೆಂಪೇರಿತ್ತು. ಊರೆದುರು ಮಾನ ಹೋದಂತಾಗಿತ್ತು ಅವನಿಗೆ. "ಸ್ವಾಮಿ, ನಾನು ಹೇಳಿದ ಗೋದ್ಲಿ ಒಳಗೈತೆ" ಎಂದ.

"ಅದು ಚೆನ್ನಾಗಿದೆ ಇನ್ನಾಸಪ್ಪ, ನಾಳೆ ನೋಡುತ್ತೇನೆ. ಅವಸರ ಇದ್ದದ್ದು ಇಲ್ಲಿ" ಎಂದು ಪೂಜ್ಯರು ಮುಂದಿನ ಮನೆಗೆ ನಡೆದರು.

ಜನ ಚದುರಿದರು. ಇನ್ನಾಸಪ್ಪ ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡಿದ. ಕೊನೆಗೆ ಹಿತ್ತಲ ಬಾಗಿಲಲ್ಲಿ ನಿಂತು, ಹೊಸಲು ದಾಟದೆ, ಕೊಟ್ಟಿಗೆಯ ಕಡೆ ಕೂಗಿದ.

"ಏಯ್, ಹಬ್ಬ ಐತೆ. ಬಾ ಒಳಕ್ಕೆ."

ಒಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಚೌರಪ್ಪ, "ಬ್ಯಾಡ ಕಣಣ್ಣ. ಅವ್ವ ಸತ್ತ ಮನೆ. ಯಾವ ಮೊಕ ಇಟ್ಕೊಂಡು ಬರ್ಲಿ? ಇಲ್ಲೇ ಇರ್ತೀನಿ, ಬುಡು" ಎಂದ.

ಇನ್ನಾಸಪ್ಪನಿಗೆ ಸಿಟ್ಟೂ ಬಂತು, ಒಳಗೊಳಗೇ ನಿರಾಳವೂ ಆಯಿತು. ಕರೆಯುವ ಕರ್ತವ್ಯ ಮುಗಿಯಿತಲ್ಲ. ಅದನ್ನು ಸ್ವಾಮಿಗಳಿಗೆ ಮುಟ್ಟಿಸಿಯೇ ತೀರಬೇಕೆಂದು ದೀಪ ಹಚ್ಚುವ ಹೊತ್ತಿಗೆ ಅವರ ಕೋಣೆಗೆ ಹೋದ. ಪೂಜ್ಯರು ಮರುದಿನದ ಊಟದ ಅಕ್ಕಿಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

"ಕರೆದೆ ಸ್ವಾಮಿ. ಅವನೇ ಮೊಕ ಇಲ್ಲ, ಬರಲ್ಲ ಅಂದ. ಇನ್ನು ನನ್ನ ಮೇಲೆ ತಪ್ಪಿಲ್ಲ."

ಸ್ವಾಮಿಗಳು ಮೊರವನ್ನು ಸ್ವಲ್ಪ ಅವನ ಕಡೆಗೆ ಸರಿಸಿದರು. ಇನ್ನಾಸಪ್ಪ ಕುಳಿತ. ಇಬ್ಬರೂ ಕಲ್ಲು ಆರಿಸಿದರು. ಸುಮ್ಮನೆ ಕುಳಿತವರ ಮುಂದೆ ಮಾತು ತಾನಾಗಿಯೇ ಬರುತ್ತದೆ. ಅವನಿಗೂ ಬಂತು.

"ನಿಮಗೆ ಗೊತ್ತಿಲ್ಲ ಸ್ವಾಮಿ. ಅವ್ವನ ಮೈ ಒರೆಸಿದೋನು ನಾನು. ಗಂಜಿ ಕುಡಿಸಿದೋನು ನಾನು. ಎತ್ತಿ ಮಲಗಿಸಿದೋನು ನಾನು. ಕೊನೇ ಗಳಿಗೇಲಿ ಅವಳು ನನ್ನ ಮೊಕಾನೇ ನೋಡ್ತಾ, ಚೌರಾ, ಚೌರಾ ಅಂದ್ಲು. ನನ್ನ ಹೆಸರು ಅವಳ ಬಾಯಿಗೆ ಬರಲೇ ಇಲ್ಲ." ಅಷ್ಟು ದೊಡ್ಡ ಆಳು, ಮೊರದ ಮೇಲೆ ಬಗ್ಗಿ ಅತ್ತುಬಿಟ್ಟ.

ಪೂಜ್ಯರು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಳು ತಾನಾಗಿ ನಿಲ್ಲುವ ತನಕ ಕಾದರು. ಆಮೇಲೆ ಕೇಳಿದರು: "ನೀನು ಕರೆದೆ, ಅವನು ಬರಲಿಲ್ಲ. ಅಲ್ಲವೇ?"

"ಹೂಂ ಸ್ವಾಮಿ."

"ದೇವರೂ ಬಹಳ ಕಾಲ ಕರೆದ ಇನ್ನಾಸಪ್ಪ. ನಾವೂ ಬರಲಿಲ್ಲ. ಮುಖ ಇರಲಿಲ್ಲ ನಮಗೆ." ಸ್ವಾಮಿಗಳು ಮೊರವನ್ನು ಕೆಳಗಿಟ್ಟರು. "ಆಮೇಲೆ ತಾನೇ ಬಂದ. ನಾಳೆ ನಾವು ಮಾಡುವ ಹಬ್ಬ ಅದೇ."

ಅಷ್ಟೇ ಮಾತು. ಕ್ರಿಸ್ತಜಯಂತಿಯ ಮೇಲೆ ಮೈಕು ಹಿಡಿದು ಗಂಟೆಗಟ್ಟಲೆ ಮಾತಾಡುವವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ನಿದ್ದೆಯನ್ನೂ ಮಾಡಿದ್ದೇನೆ. ದೇವರು ಮನುಷ್ಯನಾದದ್ದು ಏಕೆಂದು ನನಗೆ ತಿಳಿದದ್ದು ಸಗಾಯಮ್ಮನವರ ಬಾಯಲ್ಲಿ ಈ ಮಾತು ಕೇಳಿದ ದಿನ. ಮೇಲೆ ನಿಂತು ಕರೆಯುವುದು ಅವನಿಗೆ ಸಾಕೆನಿಸಲಿಲ್ಲ. ಬರಲಾರದವರು ಬಿದ್ದಿರುವ ಜಾಗಕ್ಕೆ, ಅಲ್ಲಿನ ಚಳಿಗೆ, ಅಲ್ಲಿನ ನಾತಕ್ಕೆ, ಅವನೇ ಇಳಿದು ಬಂದ. ಇದನ್ನು ಒಪ್ಪಿ ಮೊಣಕಾಲೂರುವುದು ನಂಬಿಕೆ. ಇದನ್ನೇ ನಮ್ಮ ನಮ್ಮ ಹಿತ್ತಲಲ್ಲಿ ಮಾಡುವುದು ಬಾಳು. ಎರಡನೆಯದು ಎಷ್ಟು ಕಷ್ಟವೆಂಬುದು ಒಡಹುಟ್ಟಿದವರ ಜೊತೆ ಮುನಿಸಿಕೊಂಡವರಿಗೆ ಗೊತ್ತು.

ಇನ್ನಾಸಪ್ಪ ಮನೆಗೆ ಬಂದ. ಬಂದವರು ಗೋದಲಿ ನೋಡಿ ಹೊಗಳುತ್ತಿದ್ದರೂ ಆ ಕಡೆ ತಿರುಗಲಿಲ್ಲ. ಸಗಾಯಮ್ಮನವರು ಊಟಕ್ಕೆ ಬಡಿಸಿದರು. ಅವನು ತನ್ನ ತಟ್ಟೆಯನ್ನು ಕೈಯಲ್ಲಿ ಎತ್ತಿಕೊಂಡು, "ಅವನದೂ ಕೊಡು" ಎಂದ. ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಹಿತ್ತಲ ಹೊಸಲು ದಾಟಿದ. ಸಗಾಯಮ್ಮನವರು ಲಾಂದ್ರ ಹಿಡಿದು ಹಿಂದೆ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು.

ಹೊಸ ಪಂಚೆಯಲ್ಲೇ ಅಣ್ಣ ಹುಲ್ಲಿನ ಮೇಲೆ ಕುಳಿತದ್ದು ಕಂಡು ಚೌರಪ್ಪ ಗಾಬರಿಯಾದ. "ಸಗಣಿ ಐತೆ ಅಣ್ಣ, ಬಟ್ಟೆ ಕೆಡ್ತದೆ" ಎಂದ.

"ಕೆಟ್ರೆ ಒಗೀತಾಳೆ. ಉಣ್ಣು."

ಇಬ್ಬರೂ ಉಂಡರು. ತುತ್ತಿನ ನಡುವೆ ಚೌರಪ್ಪ ತಲೆಯೆತ್ತದೆ ಹೇಳಿದ: "ನಂಗೆ ಸುದ್ದಿ ಮುಟ್ಟೋ ಹೊತ್ಗೆ ಮಣ್ಣಾಗಿ ಹೋಗಿತ್ತು. ಆಮೇಲೆ ನಿನ್ನ ಮುಂದೆ ಬಂದು ನಿಂತ್ಕೊಳ್ಳೋಕೆ ಧೈರ್ಯ ಸಾಲಲಿಲ್ಲ." ಇನ್ನೊಂದು ತುತ್ತು ಕಲಸುತ್ತ, "ಅವ್ವ ಏನಾರ ಅಂದ್ಲಾ ಅಣ್ಣ?" ಎಂದ.

ಇನ್ನಾಸಪ್ಪ ತಮ್ಮನ ಕಡೆ ತಿರುಗಿ ಕುಳಿತ. ಮುಂದೆ ಅವನು ಹೇಳಿದ್ದು ಸ್ವಾಮಿಗಳಿಗೂ ಹೇಳಿರಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

"ನಿನ್ನನ್ನೇ ಕರೆದ್ಲು ಕಣೋ. ಬುಡದೆ ಕರೀತಿದ್ಲು. ಕಣ್ಣು ಮಂಜಾಗಿತ್ತು, ಯಾರು ಎದುರಿಗವ್ರೆ ಅಂತ ಕಾಣ್ತಿರಲಿಲ್ಲ. ನಂಗೆ ನೋಡಾಕಾಗಲಿಲ್ಲ. ನಿನ್ನ ಹೆಸರಲ್ಲಿ ನಾನೇ ಓ ಅಂದೆ. ಬಂದಿವ್ನಿ ಕಣವ್ವ, ನಾನು ಚೌರ, ಅಂದೆ. ನನ್ನ ಕೈಯ ಹಿಂಗೆ ಹಿಡ್ಕೊಂಡ್ಲು. ನೀನು ಬಂದಿದ್ದೀಯ ಅಂತಾನೇ ತಿಳ್ಕೊಂಡು ಕಣ್ಣು ಮುಚ್ಚಿದ್ಲು."

ಚೌರಪ್ಪ ತಟ್ಟೆಯನ್ನು ಪಕ್ಕಕ್ಕಿಟ್ಟ. ಅಣ್ಣನ ಆ ಕೈಯನ್ನು, ಎಂಜಲು ಕೈಯನ್ನೇ, ತನ್ನ ಎರಡು ಕೈಯಲ್ಲೂ ಹಿಡಿದು ಮುಖಕ್ಕೆ ಒತ್ತಿಕೊಂಡ. ಬಹಳ ಹೊತ್ತು ಬಿಡಲಿಲ್ಲ. ಬಾಗಿಲಲ್ಲಿದ್ದ ಸಗಾಯಮ್ಮನವರು ಲಾಂದ್ರವನ್ನು ಎತ್ತಿ ಹಿಡಿದರು. ಅಷ್ಟು ವರ್ಷ ಸಂಸಾರ ಮಾಡಿದ ಗಂಡನನ್ನು ಅಂದು ಹೊಸದಾಗಿ ನೋಡಿದೆ ಎಂದು ಆ ತಾಯಿ ನನ್ನ ಮುಂದೆ ಕಣ್ಣೊರೆಸಿಕೊಂಡರು. ಆಮೇಲೆ ಅಣ್ಣನ ಹೆಗಲು ಹಿಡಿದು ಚೌರಪ್ಪ ಎದ್ದ. ಬಾತ ಕಾಲನ್ನು ನಿಧಾನವಾಗಿ ಊರುತ್ತ, ಅಣ್ಣನ ಜೊತೆಯಲ್ಲೇ ಮನೆಯ ಒಳಗೆ ಬಂದ. ಆ ಚಳಿಗಾಲ ಅವನು ಉಳಿದುಕೊಂಡ. ಅವನ ಮಕ್ಕಳು ಈಗ ಚಿಕ್ಕಮರಳಿಯಲ್ಲೇ ಇದ್ದಾರೆ.

ಬೆಳಗ್ಗೆ ಹಬ್ಬದ ಬಲಿಪೂಜೆಗೆ ಗಂಟೆ ಹೊಡೆಯುವ ಮುಂಚೆ ಇನ್ನಾಸಪ್ಪ ದೇವಾಲಯದ ಹಿಂದಿನ ಕೋಣೆಗೆ ಹೋದ. ಪೂಜ್ಯರು ಪೂಜೆಯ ಉಡುಪು ಧರಿಸುತ್ತಿದ್ದರು. ಅವನ ಪಂಚೆಯ ಮೇಲಿನ ಸಗಣಿಯ ಕಲೆ ಅವರ ಕಣ್ಣಿಗೆ ಬಿತ್ತು.

"ನಿನ್ನ ತಮ್ಮ ಬಂದನೇ ಇನ್ನಾಸಪ್ಪ?" ಎಂದು ಕೇಳಿದರು.

"ನಾನು ಹೋದೆ ಸ್ವಾಮಿ" ಎಂದ ಇನ್ನಾಸಪ್ಪ.